ಗಾಯ ಮಾಗಿದೆ, ತುರಿಕೆ ಹೋಗಿಲ್ಲ

ಪ್ರಶ್ನೆ: ಬಿಸಿ ಎಣ್ಣೆ ಬಿದ್ದು ಅಮ್ಮನ ಮೊಣಕೈ ಸುಟ್ಟು, ಚರ್ಮದ ಕಸಿ ಆಗಿ ಒಂದು ವರ್ಷ. ರಾತ್ರಿಯೆಲ್ಲ ತುರಿಕೆ, ಕೈ ಪೂರ್ತಿ ಚಾಚಲು ಬರುತ್ತಿಲ್ಲ. ಏನು ಮಾಡಲಿ?
– ಓದುಗರು, ರಾಜಾಜಿನಗರ

ಉತ್ತರ: ಕಸಿಯ ಚರ್ಮದಲ್ಲಿ ಎಣ್ಣೆ, ಬೆವರಿನ ಗ್ರಂಥಿಗಳು ಸರಿಯಾಗಿ ಕೆಲಸ ಮಾಡುವುದಿಲ್ಲ, ಚರ್ಮ ಒಣಗಿ ತುರಿಸುತ್ತದೆ. ಸುವಾಸನೆಯಿಲ್ಲದ ಮಾಯಿಶ್ಚರೈಸರ್ ದಿನಕ್ಕೆ 3–4 ಸಲ ಹಚ್ಚಿ, ಮೆಲ್ಲಗೆ ಒತ್ತಿ ತೀಡಿ. ತಡೆಯಲಾಗದಿದ್ದರೆ ತುರಿಕೆಗೆ ಮಾತ್ರೆಗಳಿವೆ, ವೈದ್ಯರನ್ನು ಕೇಳಿ.

ನಮಗೆ ಹೆಚ್ಚು ಚಿಂತೆ ಕೈಯದ್ದು. ಗಾಯದ ಕಲೆ ಕುಗ್ಗುತ್ತಾ ಕೀಲನ್ನು ಎಳೆದು ಹಿಡಿದಿದೆ. ನೋವೆಂದು ಮಡಚಿಟ್ಟುಕೊಂಡಷ್ಟೂ ಬಿಗಿಯುತ್ತದೆ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ದಿನಕ್ಕೆ ಹಲವು ಸಲ ಚಾಚಿಸಿ, ರಾತ್ರಿ ಸ್ಪ್ಲಿಂಟ್ (ಕೈಯನ್ನು ಚಾಚಿ ಹಿಡಿದಿಡುವ ಗಟ್ಟಿ ಪಟ್ಟಿ) ಕಟ್ಟಿ. ಆದರೂ ಸಡಿಲಾಗದಿದ್ದರೆ ಪ್ಲಾಸ್ಟಿಕ್ ಸರ್ಜನ್ ಶಸ್ತ್ರಚಿಕಿತ್ಸೆ ಮಾಡಿ ಕಲೆಯ ಬಿಗಿತ ಬಿಡಿಸಬೇಕಾಗಬಹುದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟ ಗಾಯಗಳಿಗೇ ಪ್ರತ್ಯೇಕ ವಿಭಾಗವಿದೆ.

ಮುಂದೆಂದಾದರೂ ಕಲೆ ಒಡೆದು ವಾರಗಟ್ಟಲೆ ಮಾಗದಿದ್ದರೆ ಬಯಾಪ್ಸಿ (ಅಲ್ಲಿನ ಚೂರು ತೆಗೆದು ಮಾಡುವ ಪರೀಕ್ಷೆ) ಮಾಡಿಸಿ. ಅಪರೂಪಕ್ಕೆ ಹಳೆಯ ಕಲೆಯಲ್ಲಿ ಕ್ಯಾನ್ಸರ್ ಹುಟ್ಟುವುದುಂಟು.