ಓದುಗರ ಪ್ರಶ್ನೆ: ಫಿನಾಯಿಲ್ ಹಾಕಿ ಒರೆಸಿದರೂ ಸೋಂಕು ನಿಲ್ಲುತ್ತಿಲ್ಲ

ಪ್ರಶ್ನೆ: ನಮ್ಮ ನರ್ಸಿಂಗ್ ಹೋಮ್‌ನ ನಾಲ್ಕು ಹಾಸಿಗೆಯ ಐಸಿಯುನಲ್ಲಿ ಒಂದೇ ತಿಂಗಳಲ್ಲಿ ಮೂವರಿಗೆ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾದ ಸೋಂಕು ಬಂತು. ಮೆರೋಪೆನಮ್ ಎಂಬ ಪ್ರಬಲ ಆಂಟಿಬಯೋಟಿಕ್‌ಗೂ ಬಗ್ಗುತ್ತಿಲ್ಲ. ದಿನಕ್ಕೆ ಮೂರು ಸಲ ಫಿನಾಯಿಲ್ ಹಾಕಿ ನೆಲ ಒರೆಸುತ್ತೇವೆ. ಎಲ್ಲಿ ತಪ್ಪುತ್ತಿದೆ?
– ಸ್ಟಾಫ್ ನರ್ಸ್, ಹಾವೇರಿ

ಉತ್ತರ: ನೆಲ ಸ್ವಚ್ಛವಿರಲಿ, ಆದರೆ ಈ ಬ್ಯಾಕ್ಟೀರಿಯಾ ಹಾಸಿಗೆಯಿಂದ ಹಾಸಿಗೆಗೆ ಹೋಗುವುದು ಹೆಚ್ಚಾಗಿ ಕೈಯ ಮೂಲಕ. ಮೂತ್ರದ ಬ್ಯಾಗ್ ಖಾಲಿ ಮಾಡಿದ ಗ್ಲೌಸ್‌ನಲ್ಲೇ ಮಾನಿಟರಿನ ಗುಂಡಿ ಒತ್ತುತ್ತೇವೆ, ಮುಂದಿನ ಹಾಸಿಗೆಯ ಐವಿ ಲೈನ್ ಹಿಡಿಯುತ್ತೇವೆ. ಆ ಗ್ಲೌಸ್ ಕಾಯುವುದು ನಿಮ್ಮನ್ನು, ರೋಗಿಯನ್ನಲ್ಲ. ಪ್ರತಿ ರೋಗಿಗೂ ಬೇರೆ ಜೊತೆ ಹಾಕಿ. ತೆಗೆದ ಮೇಲೂ ಸುಮಾರು 3 ಮಿಲಿ ಆಲ್ಕೋಹಾಲ್ ಹ್ಯಾಂಡ್‌ರಬ್ ಸುರಿದುಕೊಂಡು 20–30 ಸೆಕೆಂಡು ಉಜ್ಜಿ. ಹೆಬ್ಬೆರಳು, ಬೆರಳ ತುದಿಗಳೇ ತಪ್ಪಿಹೋಗುವ ಜಾಗ. ಕೈಗೆ ಹೊಲಸು ಹತ್ತಿದ್ದರೆ ಮಾತ್ರ ಸೋಪು, ನೀರು ಬೇಕೇ ಬೇಕು.

ಮೂತ್ರ ಅಳೆಯುವ ಜಗ್ ನಾಲ್ವರಿಗೂ ಒಂದೇ ಇದ್ದರೆ ಇಂದೇ ಬೇರೆ ಮಾಡಿ. ಇಂಥ ಹರಡುವಿಕೆಗೆ ಅದು ಹಳೆಯ, ಗೊತ್ತಿರುವ ದಾರಿ.

ಸಿಂಕನ್ನೂ ಅನುಮಾನಿಸಿ. ಕ್ಲೆಬ್ಸಿಯೆಲ್ಲಾಕ್ಕೆ ಒದ್ದೆ ಜಾಗ ಬೇಕು. ಸಿಂಕಿನ ಕೊಳವೆಯೊಳಗಿನ ಲೋಳೆಪದರದಲ್ಲಿ ಅದು ತಿಂಗಳುಗಟ್ಟಲೆ ಕೂರುತ್ತದೆ. ನಳದ ನೀರು ನೇರವಾಗಿ ತೂತಿನ ಮೇಲೆ ಬಿದ್ದರೆ ಹನಿಗಳು ಒಂದು ಮೀಟರ್‌ವರೆಗೂ ಸಿಡಿಯಬಹುದು. ಇಂಜೆಕ್ಷನ್ ತಯಾರಿಸುವ ಟ್ರೇ ಅಷ್ಟರೊಳಗೆ ಇರಬಾರದು. ಉಳಿದ ಚಹಾ, ಗ್ಲೂಕೋಸ್ ಡ್ರಿಪ್ ಅಲ್ಲಿ ಚೆಲ್ಲಬೇಡಿ, ಅದು ಆ ಬ್ಯಾಕ್ಟೀರಿಯಾಕ್ಕೆ ಊಟ.

ಹಾಸಿಗೆಯ ಕಂಬಿ, ಬಿಪಿ ಪಟ್ಟಿಗಳನ್ನು ಮೊದಲು ಸೋಪಿನ ನೀರಿನಿಂದ ಒರೆಸಿ. ಕೊಳೆ ಇದ್ದರೆ ಆಮೇಲೆ ಹಾಕುವ ಬ್ಲೀಚ್‌ನ ಕ್ಲೋರಿನ್ ಅಲ್ಲೇ ಖರ್ಚಾಗಿಹೋಗುತ್ತದೆ. ಆಮೇಲೆ ಕಂಬಿಗೆ ಶೇ. 0.1ರ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ): ಶೇ. 5ರ ದ್ರಾವಣ 20 ಮಿಲಿ, ನೀರು 980 ಮಿಲಿ. ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು. ದಿನಾ ಹೊಸದಾಗಿ ಕಲಸಿ. ಆಸಿಡ್‌ ಜೊತೆ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಮಾನಿಟರಿನ ಗುಂಡಿಗೆ, ಅಂಥ ವಿದ್ಯುತ್ ಉಪಕರಣಕ್ಕೆ ತಯಾರಕರು ಹೇಳಿದ ದ್ರಾವಣವನ್ನೇ ಬಳಸಿ.

ನಾಲ್ಕನೆಯ ರೋಗಿಗೆ ಜ್ವರವಿಲ್ಲದಿದ್ದರೂ ಗುದದ್ವಾರದ ಸ್ವಾಬ್ (ಹತ್ತಿಕಡ್ಡಿಯ ಮಾದರಿ) ತೆಗೆದು ಲ್ಯಾಬಿಗೆ ಕಳಿಸಿ. ಕರುಳಲ್ಲಿ ಸುಮ್ಮನೆ ಹೊತ್ತುಕೊಂಡವರೂ ಹರಡುತ್ತಾರೆ. ಮಾತಾಡಿಸಲು ಬಂದ ಬೀಗರು ಹಾಸಿಗೆಯ ಮೇಲೆ ಬುತ್ತಿ ಇಟ್ಟು, ಕಂಬಿ ಹಿಡಿದು, ಪಕ್ಕದವರನ್ನೂ ಸವರಿ ಹೋಗುತ್ತಾರೆ. ಬಾಗಿಲಲ್ಲೇ ಅವರ ಕೈಗೂ ಹ್ಯಾಂಡ್‌ರಬ್ ಹಾಕಿ.

ಪ್ರಶ್ನೆ: ಅಪ್ಪನ ರಿಪೋರ್ಟಿನಲ್ಲಿ ಇದೇ ಬ್ಯಾಕ್ಟೀರಿಯಾ ಇತ್ತು. ಈಗ ಮನೆಗೆ ಬಂದಿದ್ದಾರೆ. ಮೊಮ್ಮಕ್ಕಳನ್ನು ದೂರ ಇಡಬೇಕೇ?
– ಓದುಗರು, ಗದಗ

ಉತ್ತರ: ಬೇಡ. ಆರೋಗ್ಯವಂತ ಮಕ್ಕಳು ಅಜ್ಜನ ತೊಡೆಯ ಮೇಲೆ ಕೂರಲಿ. ಶೌಚಕ್ಕೆ ಹೋಗಿಬಂದ ಮೇಲೆ, ಊಟಕ್ಕೆ ಮೊದಲು ಎಲ್ಲರೂ ಸೋಪು ಹಚ್ಚಿ ಕೈ ತೊಳೆಯಿರಿ. ತೊಂದರೆಯೇ ಇಲ್ಲದಾಗ ಕರುಳಿನ ಬ್ಯಾಕ್ಟೀರಿಯಾ ಹೋಗಲೆಂದು ಆಂಟಿಬಯೋಟಿಕ್ ಕೊಡಬೇಡಿ. ಮುಂದೆ ಯಾವ ಆಸ್ಪತ್ರೆಗೆ ಸೇರಿಸಿದರೂ ಈ ರಿಪೋರ್ಟನ್ನು ಮೊದಲೇ ತೋರಿಸಿ.