ಸೈಕಲ್ ಸಂಶಯ, ಸಮಾಧಾನ: ಮುರಕಲ್ಲಿನ ದಾರಿಗೆ ಯಾವ ಬಿಡಿಭಾಗ?

ಮಳೆಗಾಲ ಕಳೆದ ಮೇಲೆ ಗೇರ್ ಸೈಕಲ್‌ಗಳ ಬಗ್ಗೆ ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಓದುಗರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುವ, ಬೇಸಿಗೆಯಲ್ಲಿ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಕೆಂಪು ಹುಡಿ ಎಲ್ಲ ಸಂದುಗಳಿಗೂ ನುಗ್ಗುವ ನಮ್ಮ ನೆಲದಲ್ಲಿ ಮೌಂಟನ್ ಬೈಕ್‌ನ ಚೈನು, ಬ್ರೇಕ್ ಪ್ಯಾಡ್ ಮತ್ತು ಬೇರಿಂಗ್‌ಗಳು ಬೇರೆಲ್ಲಕ್ಕಿಂತ ಮೊದಲು ಸವೆಯುತ್ತವೆ. ಕೈಯಲ್ಲಿರುವ ಹಣವೂ ಮೊದಲು ಅವುಗಳಿಗೇ ಸಲ್ಲಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ನನ್ನದು 21 ಗೇರಿನ (ಮುಂದೆ 3, ಹಿಂದೆ 7), 26 ಇಂಚು ಚಕ್ರದ ಸೈಕಲ್. ಕೊಂಡು ಮೂರು ವರ್ಷವಾಯಿತು. ಕಳೆದ ತಿಂಗಳು ಹೊಸ ಚೈನು ಹಾಕಿಸಿದೆ. ಅಂದಿನಿಂದ ಪೊಸಡಿಗುಂಪೆಯ ಏರಿನಲ್ಲಿ ಬಲವಾಗಿ ತುಳಿದರೆ ಚೈನು ಕಟಕ್ಕನೆ ಜಾರುತ್ತದೆ. ಚೈನು ಕಳಪೆಯದೇ? ಹೇಗೂ ಖರ್ಚು ಮಾಡುವುದಾದರೆ ಹಿಂದೆ 9 ಗೇರಿನ ಸೆಟ್ ಹಾಕಿಸಬಹುದೇ? (ಪೈವಳಿಕೆಯ ಪದವಿ ವಿದ್ಯಾರ್ಥಿ)

ಉತ್ತರ: ಚೈನಿನಲ್ಲಿ ದೋಷವಿರುವ ಸಾಧ್ಯತೆ ಕಡಿಮೆ. ಹೊಸ ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು, ಅಂದರೆ 12.7 ಮಿ.ಮೀ. ಅಂತರವಿರುತ್ತದೆ. ಕೆಸರು, ಹುಡಿ ಸೇರಿ ಪಿನ್ನುಗಳು ಸವೆದಂತೆ ಈ ಅಂತರ ಹಿಗ್ಗುತ್ತದೆ, ಹಿಗ್ಗಿದ ಚೈನಿನ ಎಳೆತಕ್ಕೆ ಹಿಂದಿನ ಫ್ರೀವೀಲ್‌ನ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲಿನ) ಹಲ್ಲುಗಳೂ ಅದೇ ಅಳತೆಗೆ ಸವೆದು ಒಗ್ಗಿಕೊಳ್ಳುತ್ತವೆ. ಹಾಗೆ ಸವೆದ ಹಲ್ಲುಗಳ ಮೇಲೆ ಹೊಸ ಚೈನು ಹಾಕಿದರೆ ಭಾರವೆಲ್ಲ ಒಂದೆರಡು ಹಲ್ಲುಗಳ ಮೇಲೆಯೇ ಬಿದ್ದು ಚೈನು ಅವುಗಳನ್ನು ಹತ್ತಿ ಜಾರುತ್ತದೆ.

ಅಂಗಡಿಗೆ ಹೋಗುವ ಮುಂಚೆ ಒಂದು ಪರೀಕ್ಷೆ ಮಾಡಿ. ನೀವು ಹೆಚ್ಚಾಗಿ ಬಳಸುವ ಒಂದೆರಡು ಹಿಂದಿನ ಗೇರುಗಳಲ್ಲಿ ಮಾತ್ರ ಚೈನು ಜಾರಿ, ಉಳಿದವುಗಳಲ್ಲಿ ಜಾರದಿದ್ದರೆ ಫ್ರೀವೀಲ್ ಸವೆದಿದೆ ಎಂದೇ ತಿಳಿಯಬೇಕು. ಹಿಂದೆ ಯಾವ ಗೇರಿಗೆ ಹಾಕಿದರೂ ಪೆಡಲಿನ ಬಳಿಯ ನಡುವಿನ ಹಲ್ಲುಚಕ್ರದಲ್ಲಿ ಮಾತ್ರ ಜಾರುವುದಾದರೆ ಆ ಚಕ್ರದ ಹಲ್ಲು ಹೋಗಿದೆ. ಗೇರು ಯಾವುದಾದರೂ ಸರಿ, ಚೈನು ಒಂದು ಸುತ್ತು ಬಂದಾಗಲೆಲ್ಲ ಒಮ್ಮೆ ಮಾತ್ರ ಎಗರುವುದಾದರೆ ಯಾವುದೋ ಕೊಂಡಿ ಬಿಗಿಯಾಗಿದೆ. ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿದರೆ ಹಿಂದಿನ ಸಣ್ಣ ಗಾಲಿಗಳ ಬಳಿ ಅದು ನೆಟ್ಟಗಾಗದೆ ಸೊಟ್ಟಗೆ ಹಾದುಹೋಗುವುದು ಕಣ್ಣಿಗೆ ಕಾಣುತ್ತದೆ. ಬೆರಳುಗಳಿಂದ ಅದನ್ನು ಅಕ್ಕಪಕ್ಕಕ್ಕೆ ಬಗ್ಗಿಸಿ ಸಡಿಲಿಸಿದರೆ ಸಾಕು, ಖರ್ಚಿಲ್ಲ.

9 ಗೇರಿನ ಸೆಟ್ ಬಗ್ಗೆ ಹೇಳುವುದಾದರೆ, ಮೊದಲು ನಿಮ್ಮ ಹಿಂದಿನ ಚಕ್ರ ಯಾವ ಬಗೆಯದೆಂದು ನೋಡಬೇಕು. ಚಕ್ರವನ್ನು ಕಳಚಿ, ಹಲ್ಲುಚಕ್ರಗಳನ್ನು ಹಿಂದಕ್ಕೆ ತಿರುಗಿಸಿ. ನಡುವೆ ಟೂಲು ಕೂರುವ ಗೀರುಗಳುಳ್ಳ ಭಾಗ ತಿರುಗದೆ ಅಲ್ಲೇ ನಿಂತರೆ ಅದು ಮರೆಯಿಂದ (ತಿರುಪಿನ ಗೀರುಗಳಿಂದ) ಕೂಡಿಸಿದ ಫ್ರೀವೀಲ್. ಹಲ್ಲುಗಳ ಜೊತೆಗೇ ತಿರುಗಿದರೆ ಕ್ಯಾಸೆಟ್, ಅಂದರೆ ತಿರುಪಿಲ್ಲದೆ ಜಾರಿಸಿ ಕೂರಿಸುವ ಗೊಂಚಲು. 21 ಗೇರಿನ ಸಾಮಾನ್ಯ ಸೈಕಲ್‌ಗಳಲ್ಲಿ ಬರುವುದು ಹೆಚ್ಚಾಗಿ ಫ್ರೀವೀಲ್. ಅದರ ಜಾಗದಲ್ಲಿ 9 ಗೇರಿನ ಕ್ಯಾಸೆಟ್ ಕೂರಿಸಬೇಕಾದರೆ ಹಿಂದಿನ ಚಕ್ರ, ಹ್ಯಾಂಡಲಿನಲ್ಲಿ ಗೇರು ಬದಲಿಸುವ ಶಿಫ್ಟರ್, ಚೈನು ಎಲ್ಲವನ್ನೂ ಬದಲಿಸಬೇಕಾಗುತ್ತದೆ. ಈ ಸೈಕಲ್‌ಗೆ ಅಷ್ಟು ಖರ್ಚು ತಕ್ಕುದಲ್ಲ.

ಅದರ ಬದಲು 14-34 ಹಲ್ಲುಗಳ 7 ಗೇರಿನ ಫ್ರೀವೀಲ್ ಹಾಕಿಸಿಕೊಳ್ಳಿ. ಮುಂದಿನ ಸಣ್ಣ ಹಲ್ಲುಚಕ್ರ 24 ಹಲ್ಲಿನದಾಗಿದ್ದು ಈಗ ಹಿಂದಿನ ದೊಡ್ಡದು 28 ಹಲ್ಲಿನದಾಗಿದ್ದರೆ, 34ಕ್ಕೆ ಹೋದಾಗ ಏರಿನ ಗೇರು ಶೇ. 17ಕ್ಕಿಂತ ಹೆಚ್ಚು ಹಗುರವಾಗುತ್ತದೆ. ಧರ್ಮತ್ತಡ್ಕದ ಕಡೆಯ ಏರುಗಳಲ್ಲಿ ಈ ವ್ಯತ್ಯಾಸ ಮೊಣಕಾಲಿಗೆ ಚೆನ್ನಾಗಿ ತಿಳಿಯುತ್ತದೆ. ಆದರೆ ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ನಿಮ್ಮ ಹಿಂದಿನ ಡಿರೇಲರ್ 34 ಹಲ್ಲನ್ನು ತಾಳುತ್ತದೆಯೇ, ಮುಂದೆಯೂ ಹಿಂದೆಯೂ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದಾಗ ಚೈನಿನ ಉದ್ದ ಸಾಲುತ್ತದೆಯೇ ಎಂದು ನೋಡಿಯೇ ಮುಂದುವರಿಯಬೇಕು. ಹಳೆಯ ಫ್ರೀವೀಲ್ ನಾವು ತುಳಿದಷ್ಟೂ ಬಿಗಿಯಾಗಿರುತ್ತದೆ. ಬಿಚ್ಚಲು ಅದರದೇ ಟೂಲು ಮತ್ತು ಉದ್ದ ಹಿಡಿಯ ಪಾನ (ಸ್ಪ್ಯಾನರ್) ಬೇಕು. ಹೊಸತನ್ನು ಕೂಡಿಸುವಾಗ ಮರೆಗೆ ಗ್ರೀಸ್ ಹಚ್ಚಲು ಮರೆಯಬೇಡಿ.

ಮುಂದೆ ಹೀಗಾಗದಿರಲು ಚೈನನ್ನು ಆಗಾಗ ಅಳೆಯಿರಿ. ಬಡಗಿಯ ಉಕ್ಕಿನ ಟೇಪಿನ ತುದಿಯ ಕೊಕ್ಕೆ ಅಲ್ಲಾಡುವುದರಿಂದ, ಒಂದು ಪಿನ್ನಿನ ನಡುವನ್ನು 1 ಇಂಚಿನ ಗೆರೆಗೆ ಹಿಡಿದು 13 ಇಂಚಿನ ಗೆರೆಯಲ್ಲಿ ಇನ್ನೊಂದು ಪಿನ್ನು ಎಲ್ಲಿದೆಯೆಂದು ನೋಡಿ. ಗೆರೆಯನ್ನು ಸುಮಾರು ಒಂದೂವರೆ ಮಿ.ಮೀ. ದಾಟಿದ್ದರೆ ಚೈನೊಂದನ್ನೇ ಬದಲಿಸಿದರಾಯಿತು. 3 ಮಿ.ಮೀ. ದಾಟುವವರೆಗೆ ಬಿಟ್ಟರೆ ಫ್ರೀವೀಲ್ ಕೂಡ ಅದರ ಜೊತೆಗೇ ಹೋಗುತ್ತದೆ.

ಪ್ರಶ್ನೆ: ನಾನು ಉಪ್ಪಳದ ಕಡಲ ಬದಿಯಲ್ಲಿ ವಾಸಿಸುವ ಶಿಕ್ಷಕಿ. ದಿನವೂ ಸೈಕಲ್‌ನಲ್ಲಿ ಶಾಲೆಗೆ ಹೋಗುತ್ತೇನೆ. ಮನೆಯವರು ಚೈನಿಗೆ ಸ್ಪ್ರೇ ಎಣ್ಣೆ ಹೊಡೆದ ಮರುದಿನದಿಂದ ಹಿಂದಿನ ಡಿಸ್ಕ್ ಬ್ರೇಕ್ ಕಿರುಚುತ್ತಿದೆ, ಸರಿಯಾಗಿ ಹಿಡಿಯುವುದೂ ಇಲ್ಲ. ಏನು ಮಾಡಲಿ?

ಉತ್ತರ: ಆ ಸ್ಪ್ರೇಯ ಹನಿಗಳು ಡಿಸ್ಕಿಗೂ ಪ್ಯಾಡಿಗೂ ತಾಗಿವೆ. ಬ್ರೇಕಿನ ವಿಷಯವಾದ್ದರಿಂದ ಇದನ್ನು ಸರಿಪಡಿಸುವವರೆಗೆ ಇಳಿಜಾರಿನ ದಾರಿಯಲ್ಲಿ ಸೈಕಲ್ ಬಳಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇವೆ.

ಚಕ್ರವನ್ನು ಕಳಚಿ, ಔಷಧದ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹೊಸ, ಸ್ವಚ್ಛವಾದ ಬಟ್ಟೆಗೆ ಹಾಕಿ ಡಿಸ್ಕಿನ ಎರಡೂ ಮೈಯನ್ನು ಒರೆಸಿ. ಬಟ್ಟೆಯಲ್ಲಿ ಕಪ್ಪು ಕಾಣದಾಗುವವರೆಗೆ ಬಟ್ಟೆಯ ಬೇರೆ ಬೇರೆ ಭಾಗ ಬಳಸಿ ಒರೆಸಬೇಕು. ಅನಂತರ ಆ ಮೈಯನ್ನು ಬೆರಳಿನಿಂದ ಮುಟ್ಟಬೇಡಿ, ಕೈಯ ಜಿಡ್ಡೂ ಅದಕ್ಕೆ ಆಗದು. ಪ್ಯಾಡುಗಳಿಗೆ ಜಿಡ್ಡು ಮೇಲೆ ಮೇಲೆ ಮಾತ್ರ ಹಿಡಿದಿದ್ದರೆ ನುಣುಪಾದ ಮರಳು ಕಾಗದವನ್ನು ಸಪಾಟು ನೆಲದ ಮೇಲಿಟ್ಟು ಪ್ಯಾಡನ್ನು ಹಗುರವಾಗಿ ಉಜ್ಜಿ ನೋಡಬಹುದು. ಒಳಗೆ ಎಣ್ಣೆ ಹೀರಿಕೊಂಡಿದ್ದರೆ ಹೊಸ ಪ್ಯಾಡೇ ಗತಿ. ಒಲೆಯ ಮೇಲೆ ಸುಟ್ಟು ಎಣ್ಣೆ ತೆಗೆಯುವ ಉಪಾಯವನ್ನು ಕೆಲವರು ಹೇಳುತ್ತಾರೆ. ಅದರಿಂದ ಹೊರಡುವ ಹೊಗೆ ಕೆಟ್ಟದ್ದು, ಪ್ಯಾಡಿನ ಅಂಟು ಸಡಿಲಾಗಿ ಕಳಚಿಕೊಳ್ಳುವ ಅಪಾಯವೂ ಇದೆ. ಆದ್ದರಿಂದ ಆ ದಾರಿ ಬೇಡ.

ಹೊಸ ಪ್ಯಾಡ್ ಕೊಳ್ಳುವಾಗ ಮಳೆಯಲ್ಲಿ ಹೆಚ್ಚು ಬಾಳುವುದು ಲೋಹದ ಪುಡಿಯಿಂದ ಮಾಡಿದ ಪ್ಯಾಡ್ ಎಂಬ ಮಾತು ನಿಜ. ಆದರೆ ನಿಮ್ಮ ಡಿಸ್ಕಿನ ಅಂಚಿನಲ್ಲಿ ಕೊರೆದಿರುವ ಸಣ್ಣ ಅಕ್ಷರಗಳನ್ನು ಮೊದಲು ಓದಿ. ಕಡಿಮೆ ಬೆಲೆಯ ಹಲವು ಡಿಸ್ಕ್‌ಗಳ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ (ರಾಳದ ಪ್ಯಾಡ್ ಮಾತ್ರ) ಎಂದಿರುತ್ತದೆ. ಅಂಥದ್ದಕ್ಕೆ ಲೋಹದ ಪ್ಯಾಡ್ ಹಾಕಿದರೆ ಡಿಸ್ಕ್ ಬೇಗ ತೇಯುತ್ತದೆ. ಹೊಸ ಪ್ಯಾಡ್ ಹಾಕಿದ ಮೇಲೆ ಜನಸಂಚಾರವಿಲ್ಲದ ಸಮತಟ್ಟಾದ ದಾರಿಯಲ್ಲಿ ವೇಗವಾಗಿ ಹೋಗಿ, ಪೂರ್ತಿ ನಿಲ್ಲಿಸದೆ ಬ್ರೇಕ್ ಹಿಡಿದು ನಿಧಾನಿಸುವುದನ್ನು ಇಪ್ಪತ್ತು ಸಲವಾದರೂ ಮಾಡಿದರೆ ಹಿಡಿತ ಕೂಡಿಬರುತ್ತದೆ.

ನಿಮ್ಮದು ಕೇಬಲ್ ಎಳೆಯುವ ಬ್ರೇಕ್ ಅಲ್ಲದೆ ಎಣ್ಣೆಯ ಬ್ರೇಕ್ ಆಗಿದ್ದರೆ ಚಕ್ರ ಕಳಚಿರುವಾಗ ಲಿವರ್ ಒತ್ತಬೇಡಿ, ಪ್ಯಾಡುಗಳು ಪರಸ್ಪರ ಕಚ್ಚಿಕೊಳ್ಳುತ್ತವೆ. ಎಣ್ಣೆ ತುಂಬಿಸಬೇಕಾಗಿ ಬಂದರೆ ಶಿಮಾನೊ ಬ್ರೇಕ್‌ಗೆ ಮಿನರಲ್ ಎಣ್ಣೆಯನ್ನೇ ಹಾಕಬೇಕು. ಮೋಟಾರ್ ಬೈಕಿನ ಡಾಟ್ (DOT) ಬ್ರೇಕ್ ದ್ರವವನ್ನು ಸುರಿದರೆ ಒಳಗಿನ ರಬ್ಬರು ಕೆಟ್ಟುಹೋಗುತ್ತದೆ. ಮಳೆಯಲ್ಲಿ ನೆನೆದ ಡಿಸ್ಕ್ ಮೊದಲ ಕೆಲವು ಹಿಡಿತಗಳಲ್ಲಿ ಕಿರುಚಿ ಆಮೇಲೆ ಸುಮ್ಮನಾದರೆ ಅದಕ್ಕೆ ಚಿಂತೆ ಬೇಡ.

ಪ್ರಶ್ನೆ: ಚೈನಿಗೆ ತೆಂಗಿನೆಣ್ಣೆ ಹಾಕಬಹುದೇ? ಮನೆಯಲ್ಲೇ ಆಡಿಸಿದ್ದು ಬೇಕಾದಷ್ಟಿದೆ. (ಮುಳ್ಳೇರಿಯದ ಕೃಷಿಕರು)

ಉತ್ತರ: ಬೇಡ. ತುರ್ತಿಗೆ ಒಂದು ದಿನ ನಡೆದೀತು. ಅಡುಗೆಯ ಎಣ್ಣೆಗಳು ಗಾಳಿಗೆ ಅಂಟಾಗಿ ಹುಡಿಯನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತವೆ. ತೆಂಗಿನೆಣ್ಣೆಯಂತೂ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಸೈಕಲ್ ಚೈನಿಗೆಂದೇ ಸಿಗುವ ಎಣ್ಣೆಯನ್ನು, ಮಳೆಗಾಲದಲ್ಲಿ ದಪ್ಪನೆಯದನ್ನು, ಚೈನಿನ ಕೊಂಡಿಗಳ ನಡುವೆ ಉರುಳುವ ಪ್ರತಿ ರೋಲರ್‌ಗೆ ಒಂದೊಂದೇ ಹನಿಯಂತೆ ಒಳಬದಿಯಿಂದ ಬಿಡಿ. ಸ್ವಲ್ಪ ಹೊತ್ತು ಪೆಡಲ್ ತಿರುಗಿಸಿ, ಹೊರಗೆ ಉಳಿದದ್ದನ್ನು ಪೂರ್ತಿ ಒರೆಸಿಬಿಡಿ. ಎಣ್ಣೆ ಬೇಕಾಗಿರುವುದು ರೋಲರಿನ ಒಳಗೆ, ಹೊರಮೈಗಲ್ಲ.

ಪ್ರಶ್ನೆ: ಬದಿಯಡ್ಕದಿಂದ ಕಾಟುಕುಕ್ಕೆಯ ಕಡೆಗೆ ಗುಡ್ಡದ ದಾರಿಯಲ್ಲಿ ಹೋಗುವಾಗ ಕೈಗಳು ಜೋಮು ಹಿಡಿಯುತ್ತವೆ. ಮುಂದಿನ ಚಕ್ರವನ್ನು ಹಿಡಿದಿರುವ ಸ್ಪ್ರಿಂಗ್ ಫೋರ್ಕ್ ತೆಗೆದು 120 ಮಿ.ಮೀ. ಓಡಾಟದ (ಅಷ್ಟು ಕುಗ್ಗಿ ಹಿಗ್ಗುವ) ಗಾಳಿಯ ಫೋರ್ಕ್ ಹಾಕಿಸಬೇಕೆಂದಿದ್ದೇನೆ. ಈಗಿನದು 80 ಮಿ.ಮೀ.ನದು.

ಉತ್ತರ: ದಯವಿಟ್ಟು ಈ ಖರ್ಚನ್ನು ಮುಂದೂಡಿ. ಒಳ್ಳೆಯ ಗಾಳಿಯ ಫೋರ್ಕಿನ ಬೆಲೆ ಸಾಮಾನ್ಯ ಸೈಕಲಿನ ಬೆಲೆಯನ್ನೇ ಮುಟ್ಟಬಹುದು. ಅದೂ ಅಲ್ಲದೆ ಈಗಿನದಕ್ಕಿಂತ 40 ಮಿ.ಮೀ. ಹೆಚ್ಚು ಉದ್ದದ ಫೋರ್ಕ್ ಬಂದರೆ ಮುಂಭಾಗ ಎತ್ತರವಾಗಿ, ಹ್ಯಾಂಡಲಿನ ಕೊಳವೆಯ ಕೋನ ಸುಮಾರು 2 ಡಿಗ್ರಿಯಷ್ಟು ಹಿಂದಕ್ಕೆ ವಾಲುತ್ತದೆ. ಏರಿನಲ್ಲಿ ಮುಂದಿನ ಚಕ್ರ ಅಲೆದಾಡುತ್ತದೆ, ಫ್ರೇಮಿನ ಬೆಸುಗೆಯ ಮೇಲೆ ಅದು ತಾಳಬೇಕಾದದ್ದಕ್ಕಿಂತ ಹೆಚ್ಚು ಬಲ ಬೀಳುತ್ತದೆ. ಈಗ ಸಿಗುವ ಬಹುತೇಕ ಒಳ್ಳೆಯ ಫೋರ್ಕ್‌ಗಳ ಕೊಳವೆ ಕೆಳಗೆ ಒಂದೂವರೆ ಇಂಚಿಗೆ ಅಗಲವಾಗುವಂಥದ್ದು. ನಿಮ್ಮ ಫ್ರೇಮ್ ಉದ್ದಕ್ಕೂ 28.6 ಮಿ.ಮೀ. ಕೊಳವೆಗೆ ಮಾಡಿದ್ದಾದರೆ ಅದು ಕೂರುವುದೇ ಇಲ್ಲ.

ಜೋಮಿಗೆ ಮೊದಲ ಮದ್ದು ಟಯರಿನಲ್ಲಿದೆ. ಅಂಗಡಿಯ ಕಂಪ್ರೆಸರಿನಲ್ಲಿ ಕಲ್ಲಿನಂತೆ ಗಾಳಿ ತುಂಬಿಸಿಕೊಂಡು ಗುಡ್ಡ ಹತ್ತುವವರು ನಮ್ಮಲ್ಲಿ ಬಹಳ. 26 × 2.1 ಟಯರಿಗೆ, 60-65 ಕಿಲೋ ತೂಕದವರಾದರೆ, ಮಣ್ಣುದಾರಿಯಲ್ಲಿ ಮುಂದೆ 30, ಹಿಂದೆ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸುತ್ತಮುತ್ತ ಇಟ್ಟು ನೋಡಿ. ಟಯರಿನ ಮೈಮೇಲೆ ಬರೆದಿರುವ ಮಿತಿಯೊಳಗೇ ಇರಲಿ. ಮುರಕಲ್ಲಿನ ಅಂಚಿಗೆ ಬಡಿದು ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ಸೀಳು ಕಂಡರೆ ಗಾಳಿ ಕಡಿಮೆಯಾಗಿದೆಯೆಂದು ಅರ್ಥ. ಎರಡು ಮೂರು ಪಿಎಸ್‌ಐ ಏರಿಸಿ. ಹೊಸ ಟಯರ್ ಕೊಳ್ಳುವಾಗ ಇಂಚಿನ ಲೆಕ್ಕವನ್ನೇ ನಂಬದೆ ಬದಿಯಲ್ಲಿರುವ ಮೂರಂಕಿಯ ಸಂಖ್ಯೆ ನೋಡಿ: 26 ಇಂಚಿನದಕ್ಕೆ 559, 27.5ಕ್ಕೆ 584, 29ಕ್ಕೆ 622. ಆಮೇಲೆ ಮೆತ್ತನೆಯ ಹಿಡಿಗಳನ್ನು ಹಾಕಿಸಿ. ಇಷ್ಟಾದರೂ ಕೈ ಜೋಮು ಹಿಡಿದರೆ ಸೀಟು ಮುಂದಕ್ಕೆ ಬಾಗಿದೆಯೇ ಎಂದು ನೋಡಬೇಕು.

ಪ್ರಶ್ನೆ: ಆಟಿ ತಿಂಗಳಿಡೀ ಸೂರಿನಡಿ ಇಟ್ಟಿದ್ದ ಮಗನ ಸೈಕಲ್‌ನ ಸೀಟಿನ ಕಂಬ ಕಚ್ಚಿಕೊಂಡಿದೆ. ತುಳಿದಾಗ ನಡುವಿನಿಂದ ಟಕಟಕ ಸದ್ದು ಬರುತ್ತದೆ. ಪೆಡಲ್ ಕಳಚಲು ಹೋದರೆ ಎಡಗಡೆಯದು ಬಿಗಿಯಾಗುತ್ತಲೇ ಹೋಗುತ್ತದೆ. (ಅಡೂರಿನ ಓದುಗರು)

ಉತ್ತರ: ಎಡ ಪೆಡಲಿನ ಮರೆ ತಿರುವುಮುರುವು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಿದರೆ ಬಿಚ್ಚುತ್ತದೆ. ಈಗಾಗಲೇ ಬಿಗಿದದ್ದರಿಂದ 15 ಮಿ.ಮೀ.ನ ಉದ್ದ ಪಾನ ಬೇಕಾದೀತು. ಸೀಟಿನ ಕಂಬದ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಇರಲಿ. ಬೆಳಿಗ್ಗೆ ಸೀಟನ್ನು ಹಿಡಿದು ಅಡ್ಡಡ್ಡ ತಿರುಚುತ್ತ ಮೇಲಕ್ಕೆತ್ತಬೇಕು, ಸುತ್ತಿಗೆ ಬೇಡ. ಕಂಬ ಹೊರಬಂದ ಮೇಲೆ ಸೈಕಲನ್ನು ತಲೆಕೆಳಗೆ ಮಾಡಿ ಒಳಗೆ ನಿಂತ ನೀರನ್ನು ಬಸಿಯಿರಿ, ಒಣಗಿದ ಬಳಿಕ ಕಂಬಕ್ಕೆ ಗ್ರೀಸ್ ಹಚ್ಚಿ ಇಳಿಸಿ.

ಸದ್ದಿಗೆ, ಪೆಡಲಿನ ತೋಳನ್ನು ಹಿಡಿದು ಫ್ರೇಮಿನ ಕಡೆಗೂ ಹೊರಕ್ಕೂ ಅಲ್ಲಾಡಿಸಿ. ಎರಡೂ ತೋಳು ಒಟ್ಟಿಗೆ ಅಲ್ಲಾಡಿದರೆ ನಡುವಿನ ಬೇರಿಂಗ್ ಹೋಗಿದೆ. ಸಾಮಾನ್ಯ ಸೈಕಲ್‌ಗಳಲ್ಲಿ ಅದು ಒಟ್ಟು ಡಬ್ಬಿಯಾಗಿ ಬರುವುದರಿಂದ ಪೂರ್ತಿ ಬದಲಿಸಬೇಕು. ಕೊಳ್ಳುವ ಮುಂಚೆ ಫ್ರೇಮಿನ ಆ ಕೊಳವೆಯ ಅಗಲ 68 ಮಿ.ಮೀ. ಇದೆಯೋ 73 ಇದೆಯೋ ಅಳೆದುಕೊಳ್ಳಿ. ಬೇರಿಂಗನ್ನು ಹಿಡಿದಿಡುವ ಬಲಬದಿಯ ಬಟ್ಟಲಿನ ಮರೆಯೂ ತಿರುವುಮುರುವೆಂಬುದು ನೆನಪಿರಲಿ. ಒಂದೇ ತೋಳು ಅಲ್ಲಾಡಿದರೆ ಅದರ ಬೋಲ್ಟು ಸಡಿಲವಾಗಿದೆ. ಹಾಗಿದ್ದರೆ ಇವತ್ತೇ ಬಿಗಿಯಿರಿ. ಸಡಿಲ ತೋಳಿನಲ್ಲಿ ತುಳಿದಷ್ಟೂ ಅಲ್ಯುಮಿನಿಯಂನ ಚೌಕ ತೂತು ದುಂಡಗಾಗುತ್ತದೆ, ಒಮ್ಮೆ ದುಂಡಗಾದರೆ ಮತ್ತೆಷ್ಟು ಬಿಗಿದರೂ ನಿಲ್ಲದೆ ತೋಳನ್ನೇ ಬದಲಿಸಬೇಕಾಗುತ್ತದೆ.