ಹುಬ್ಬಳ್ಳಿಯ ಬೇಸಿಗೆಯಲ್ಲಿ, ಬೋರ್‌ವೆಲ್ ನೀರನ್ನೇ ನಂಬಿರುವ ಮನೆಯಲ್ಲಿ ಹ್ಯಾಮರ್ ಹವಳವನ್ನು ಸಾಕಬಹುದೇ?

ಸಾಕಬಹುದು. ಆದರೆ ನೀವು ಹೆದರಿರುವ ಬಿಸಿಲಿಗಿಂತ, ಆ ಬಿಸಿಲನ್ನು ತಡೆಯಲು ನಾವು ಹೂಡುವ ಉಪಾಯವೇ ಈ ಹವಳಕ್ಕೆ ಹೆಚ್ಚು ಮುಳುವಾಗುತ್ತದೆ. ದೋಹಾದಲ್ಲಿ ನೌಕರಿಯಲ್ಲಿದ್ದಾಗ ಆರು ವರ್ಷ ನಾನು ಇದನ್ನು ಸಾಕಿದ್ದೆ. ಈಗ ಧಾರವಾಡದ ಮನೆಯಲ್ಲಿರುವ ಉಪ್ಪುನೀರಿನ ತೊಟ್ಟಿಯಲ್ಲಿ ಕ್ಲೌನ್ ಮೀನುಗಳು ಮಾತ್ರ ಇವೆ. ಏಕೆಂದರೆ ಗಟ್ಟಿ ಹವಳಗಳೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲೇ, ಸೇರಿವೆ. ವಿದೇಶದ್ದೆಂಬ ಅಂಗಡಿಯವರ ಬಾಯಿಮಾತು ಸಾಲದು. ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪರವಾನಗಿಯೂ ಆಮದಿನ ಕಾಗದಪತ್ರಗಳೂ ಇಲ್ಲದಿದ್ದರೆ ದಯವಿಟ್ಟು ಕೊಳ್ಳಬೇಡಿ.

ಪುಸ್ತಕಗಳಲ್ಲಿ ಯೂಫಿಲಿಯಾ ಆಂಕೋರಾ ಎಂದೂ ಈಚೆಗೆ ಫಿಂಬ್ರಿಯಾಫಿಲಿಯಾ ಆಂಕೋರಾ ಎಂದೂ ಕಾಣಿಸುವ ಈ ಜೀವಿಯ ಗ್ರಹಣಾಂಗಗಳ ತುದಿ ಪುಟ್ಟ ಸುತ್ತಿಗೆಯಂತಿರುತ್ತದೆ. ಅದರ ಮಾಂಸದೊಳಗೆ ನೆಲೆಸಿರುವ ಸೂಕ್ಷ್ಮ ಪಾಚಿಯೇ ಬೆಳಕಿನಿಂದ ಆಹಾರ ತಯಾರಿಸಿ ಅದಕ್ಕೆ ಉಣಿಸುತ್ತದೆ. ನೀರು 24ರಿಂದ 26 ಡಿಗ್ರಿಯಲ್ಲಿದ್ದರೆ ಒಳ್ಳೆಯದು. 30 ಡಿಗ್ರಿಯ ಮೇಲೆ ಹಲವು ದಿನ ನಿಂತರೆ ಹವಳವು ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ.

ನಮ್ಮ ಏಪ್ರಿಲ್‌ನ ಒಣ ಗಾಳಿಯಲ್ಲಿ ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಹಿಡಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. (ಮಳೆಗಾಲದಲ್ಲಿ ಇದು ನಡೆಯದು, ಆಗ ಧಾರವಾಡಕ್ಕೆ ಅದು ಬೇಕಾಗುವುದೂ ಇಲ್ಲ.) ಕೋಣೆಯೇ 32 ಡಿಗ್ರಿ ದಾಟುವಂತಿದ್ದರೆ ಚಿಲ್ಲರ್ (ತೊಟ್ಟಿಯ ನೀರನ್ನು ತಂಪಾಗಿಸುವ ಯಂತ್ರ) ಅಥವಾ ಎಸಿ ಬೇಕೇ ಬೇಕು. ಫ್ಯಾನ್ ತಂಪು ಮಾಡುವುದು ನೀರನ್ನು ಆವಿ ಮಾಡಿಯೇ, ಮತ್ತು ಆವಿಯಾಗುವುದು ಬರೀ ನೀರು, ಉಪ್ಪಲ್ಲ. ನನ್ನ 60 ಲೀಟರ್ ತೊಟ್ಟಿಯಿಂದ ಬೇಸಿಗೆಯಲ್ಲಿ ದಿನಕ್ಕೆ 2 ಲೀಟರ್ ಹೋಗುತ್ತದೆ. ನಾಲ್ಕು ದಿನ ಅಲಕ್ಷ್ಯ ಮಾಡಿದರೆ ಲೀಟರಿಗೆ 35 ಗ್ರಾಂ ಇದ್ದ ಉಪ್ಪು 40 ಗ್ರಾಂ ಆಗಿಬಿಡುತ್ತದೆ. ಮೀನು ಹೇಗೋ ತಡೆದುಕೊಂಡೀತು, ಹವಳಕ್ಕೆ ಅದು ಆಗದು.

ದೋಹಾದಿಂದ ರಜೆಗೆ ಊರಿಗೆ ಬಂದಾಗ, ಕೋಣೆಯ ಗೆಳೆಯರೊಬ್ಬರು ಕಡಿಮೆಯಾದ ನೀರಿಗೆ ಬದಲಾಗಿ ಉಪ್ಪು ಬೆರೆಸಿದ ನೀರನ್ನೇ ಎರಡು ವಾರ ಸುರಿದಿದ್ದರು. ಹಿಂದಿರುಗಿ ನೋಡಿದರೆ ಹವಳವು ಅಸ್ಥಿಯೊಳಗೆ ಪೂರ್ತಿ ಸರಿದಿತ್ತು. ಅಂಚಿನಲ್ಲಿ ಬ್ಲೇಡಿನಷ್ಟು ಹರಿತವಾದ ಬಿಳಿಯ ಸುಣ್ಣದ ಗೆರೆಗಳು ಎದ್ದು ಕಾಣುತ್ತಿದ್ದವು. ಉಪ್ಪನ್ನು ಒಮ್ಮೆಗೇ ಇಳಿಸದೆ ಐದಾರು ದಿನಗಳಲ್ಲಿ ಸರಿಪಡಿಸಿದ ಮೇಲೂ ಅದು ಅರಳಲು ಒಂದು ತಿಂಗಳು ಹಿಡಿಯಿತು.

ಆದ್ದರಿಂದ ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಗುರುತು ಹಾಕಿ, ದಿನವೂ ಆ ಗುರುತಿನವರೆಗೆ ಉಪ್ಪಿಲ್ಲದ ಆರ್‌ಓ ನೀರನ್ನೇ ತುಂಬಿಸಿ. ಬೋರ್‌ವೆಲ್ ನೀರನ್ನು ನೇರವಾಗಿ ಹಾಕಿದರೆ ಅದರಲ್ಲಿ ಕರಗಿರುವ ಲವಣಗಳೂ ನೈಟ್ರೇಟ್ ಸಹ ದಿನದಿನಕ್ಕೆ ಶೇಖರವಾಗುತ್ತವೆ, ಆವಿಯ ಜೊತೆ ಹೊರಗೆ ಹೋಗಲು ಅವಕ್ಕೆ ದಾರಿಯೇ ಇರುವುದಿಲ್ಲ. ಕ್ಷಾರತೆಯನ್ನು ವಾರಕ್ಕೊಮ್ಮೆ ಪರೀಕ್ಷಿಸಿ 8ರಿಂದ 9 ಡಿಕೆಎಚ್‌ನಲ್ಲಿ (ಕ್ಷಾರತೆಯನ್ನು ಅಳೆಯುವ ಮಾನ) ಇಟ್ಟುಕೊಳ್ಳಿ. 8 ಇರಲಿ, 9 ಇರಲಿ, ಅದು ಮೇಲೆ ಕೆಳಗೆ ಜಿಗಿಯದಿರುವುದೇ ಮುಖ್ಯ.

ಇಡುವಾಗ ಸುತ್ತಲೂ 15 ಸೆಂಟಿಮೀಟರ್ ಬಿಡಿ. ರಾತ್ರಿ ಇದು ಚುಚ್ಚುವ ಉದ್ದನೆಯ ಎಳೆಗಳನ್ನು ಚಾಚಿ ನೆರೆಯ ಹವಳವನ್ನು ಸುಡುತ್ತದೆ. ಕರೆಂಟ್ ಹೋದಾಗಿನ ಗಳಿಗೆಗೆಂದು ಬ್ಯಾಟರಿಯ ಏರ್ ಪಂಪ್ ಒಂದು ಕೈಗೆ ಸಿಗುವಂತಿರಲಿ.